ಇಂಗ್ಲಿಷ್ ಓದಲು ಬರುತ್ತದೆ, ವಿಜ್ಞಾನ ಅರ್ಥವಾಗುವುದಿಲ್ಲ: ಸಂಘ-ಸಂಸ್ಥೆಗಳ ಮುಂದಿರುವ ಹೊಸ ಹೊಣೆ

ಮುಂಬಯಿ: ಜೂನ್ ತಿಂಗಳು ಬಂತೆಂದರೆ ಮಹಾನಗರ ಮತ್ತು ಉಪನಗರಗಳ ಕನ್ನಡ ಸಂಘ-ಸಂಸ್ಥೆಗಳಲ್ಲಿ ಸಂಭ್ರಮ. ಉಚಿತ ನೋಟ್‌ಬುಕ್ ವಿತರಣೆ, ವಿದ್ಯಾರ್ಥಿವೇತನ ಪ್ರದಾನ, ಪ್ರತಿಭಾ ಪುರಸ್ಕಾರ, ಬಡ ವಿದ್ಯಾರ್ಥಿಗಳ ದತ್ತು ಸ್ವೀಕಾರ ಮುಂತಾದ ಕಾರ್ಯಕ್ರಮಗಳು ಸಾಲುಸಾಲಾಗಿ ನಡೆಯುತ್ತವೆ. ಎಸ್ಸೆಸ್ಸಿ ಪರೀಕ್ಷೆಯಲ್ಲಿ ಶೇ. 85, ಶೇ. 90 ಅಂಕ ಪಡೆದ ಮಕ್ಕಳು ವೇದಿಕೆ ಏರಿ ಹೂಗುಚ್ಛ, ಪ್ರಮಾಣಪತ್ರ ಸ್ವೀಕರಿಸುತ್ತಾರೆ. ಹೆತ್ತವರ ಕಣ್ಣಲ್ಲಿ ಆನಂದಬಾಷ್ಪ ಕಾಣುತ್ತದೆ. ಇದು ಹೊರನಾಡ ಕನ್ನಡಿಗರು ಹೆಮ್ಮೆಪಡಬೇಕಾದ ಪರಂಪರೆ ಎಂಬುದರಲ್ಲಿ ಎರಡು ಮಾತಿಲ್ಲ.

ಆದರೆ ಅದೇ ಮಕ್ಕಳು ಹನ್ನೊಂದನೇ ತರಗತಿಯ ವಿಜ್ಞಾನ ವಿಭಾಗಕ್ಕೆ ಸೇರಿದ ಬಳಿಕ, ದೀಪಾವಳಿ ರಜೆಯ ಹೊತ್ತಿಗೆ ಅವರ ಸ್ಥಿತಿ ಏನು ಎಂದು ವಿಚಾರಿಸುವವರು ವಿರಳ. ಹತ್ತನೇ ತರಗತಿಯವರೆಗೆ ಕನ್ನಡದಲ್ಲೋ ಮರಾಠಿಯಲ್ಲೋ ವಿಜ್ಞಾನ ಕಲಿತ ಹುಡುಗನ ಕೈಗೆ ಒಮ್ಮೆಲೇ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳು ಬರುತ್ತವೆ. ಅಕ್ಷರ ಓದಬಲ್ಲ, ವಾಕ್ಯವನ್ನು ಗಟ್ಟಿಯಾಗಿ ಉಚ್ಚರಿಸಬಲ್ಲ. ಪುಟ ಮುಗಿಸಿದ ಮೇಲೆ ಏನು ಓದಿದೆ ಎಂದು ಕೇಳಿದರೆ ಮೌನ. ಮೊದಲ ಸತ್ರದ ಪರೀಕ್ಷೆಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರಗಳಲ್ಲಿ ಅಂಕ ಕುಸಿದಾಗ ವಿಜ್ಞಾನ ತನ್ನಿಂದ ಆಗದು ಎಂದು ತೀರ್ಮಾನಿಸಿ ವಿಭಾಗ ಬದಲಿಸುತ್ತಾನೆ, ಇಲ್ಲವೇ ಕಾಲೇಜನ್ನೇ ಬಿಡುತ್ತಾನೆ. ಸೋತದ್ದು ಅವನ ವಿಜ್ಞಾನವಲ್ಲ, ಅವನ ಓದು. ಈ ವ್ಯತ್ಯಾಸವನ್ನು ಸಕಾಲದಲ್ಲಿ ಗುರುತಿಸುವ ವ್ಯವಸ್ಥೆ ನಮ್ಮಲ್ಲಿಲ್ಲ ಎಂಬುದೇ ಈಗಿನ ಚಿಂತೆಯ ವಿಷಯ.

ಚರ್ಚೆ ಬೇರೆ, ಸಮಸ್ಯೆ ಬೇರೆ

ಮಹಾರಾಷ್ಟ್ರದಲ್ಲಿ ಭಾಷೆಯ ಚರ್ಚೆಗೆ ಬರವಿಲ್ಲ. 2025ರ ಏಪ್ರಿಲ್‌ನಲ್ಲಿ ರಾಜ್ಯ ಸರಕಾರ ಒಂದನೇ ತರಗತಿಯಿಂದಲೇ ಹಿಂದಿಯನ್ನು ಮೂರನೇ ಭಾಷೆಯಾಗಿ ಕಲಿಸುವ ಆದೇಶ ಹೊರಡಿಸಿ, ಭಾರೀ ವಿರೋಧದ ನಂತರ ಜೂನ್ ಕೊನೆಯಲ್ಲಿ ಅದನ್ನು ಹಿಂದೆಗೆದುಕೊಂಡಿತು. ರಾಷ್ಟ್ರೀಯ ಶಿಕ್ಷಣ ನೀತಿ 2020 ಕನಿಷ್ಠ ಐದನೇ ತರಗತಿಯವರೆಗೆ, ಸಾಧ್ಯವಾದಲ್ಲೆಲ್ಲ, ಮಾತೃಭಾಷೆಯಲ್ಲಿ ಶಿಕ್ಷಣ ಎಂದಿತು. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲಿ ಪ್ರಾದೇಶಿಕ ಭಾಷೆಗಳಲ್ಲಿ ಇಂಜಿನಿಯರಿಂಗ್ ಕಲಿಸಲು ಅನುಮತಿ ನೀಡಿತು. ಯಾವ ಭಾಷೆ ಎಷ್ಟನೇ ತರಗತಿಯಿಂದ ಎಂಬ ವಾದ-ವಿವಾದ ಎಲ್ಲೆಡೆ ನಡೆಯುತ್ತಿದೆ. ಆದರೆ ಯಾವ ಮಾಧ್ಯಮದಲ್ಲೇ ಕಲಿಯಲಿ, ಇಂಗ್ಲಿಷಿನಲ್ಲಿರುವ ಒಂದು ವಿಜ್ಞಾನದ ಪರಿಚ್ಛೇದವನ್ನು ಓದಿ ಅರ್ಥೈಸುವ ಶಕ್ತಿ ಮಗುವಿಗೆ ಬಂದಿದೆಯೇ ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುತ್ತಿಲ್ಲ.

ಪ್ರಥಮ್ ಸಂಸ್ಥೆಯ 'ಅಸರ್' ಸಮೀಕ್ಷೆ ಈ ಬಗ್ಗೆ ಒಂದು ಸುಳಿವು ನೀಡುತ್ತದೆ. 26 ರಾಜ್ಯಗಳ 28 ಗ್ರಾಮೀಣ ಜಿಲ್ಲೆಗಳಲ್ಲಿ 14ರಿಂದ 18 ವರ್ಷದವರ ನಡುವೆ ನಡೆಸಿದ 2023ರ ಸಮೀಕ್ಷೆಯ ಪ್ರಕಾರ, ಇಂಗ್ಲಿಷಿನ ಸರಳ ವಾಕ್ಯಗಳನ್ನು ಓದಬಲ್ಲವರು ಶೇ. 57.3. ಹೀಗೆ ಓದಬಲ್ಲವರಲ್ಲಿ ಅರ್ಥ ಹೇಳಬಲ್ಲವರು ಸುಮಾರು ಮುಕ್ಕಾಲು ಪಾಲು. ಅಂದರೆ ನೂರು ಮಂದಿಯಲ್ಲಿ ಓದುವವರು 57, ಓದಿ ತಿಳಿಯುವವರು ಸುಮಾರು 42. ಇದು ಹಳ್ಳಿಗಳ ಲೆಕ್ಕ. ಮುಂಬಯಿ, ಪುಣೆಯ ಮಕ್ಕಳಿಗೆ ನೇರವಾಗಿ ಅನ್ವಯಿಸುವಂತಿಲ್ಲ. ಆದರೂ ಓದುವುದು ಬೇರೆ, ತಿಳಿಯುವುದು ಬೇರೆ ಎಂಬ ಸತ್ಯಕ್ಕೆ ಊರು-ನಗರದ ಭೇದವಿಲ್ಲ. ಅದೂ ಇಲ್ಲಿ ಪರೀಕ್ಷಿಸಿದ್ದು ದಿನಬಳಕೆಯ ಸಣ್ಣ ವಾಕ್ಯಗಳನ್ನು. ವಿಜ್ಞಾನದ ಪರಿಚ್ಛೇದದ ಮಾತು ಅದಕ್ಕಿಂತ ಎಷ್ಟೋ ಕಠಿಣ.

ಪರೀಕ್ಷೆಯ ಸ್ವರೂಪವೇ ಬದಲಾಗಿದೆ

ಹಿಂದೆ ಪಾಠದ ಕೊನೆಯ ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿದರೆ ವಿಜ್ಞಾನದಲ್ಲಿ ತೇರ್ಗಡೆಯಾಗಬಹುದಿತ್ತು. ಆ ಕಾಲ ಸರಿದುಹೋಗುತ್ತಿದೆ. ಸಿಬಿಎಸ್‌ಇ ಮಂಡಳಿ 9 ಮತ್ತು 10ನೇ ತರಗತಿಗಳ ಪ್ರಶ್ನೆಪತ್ರಿಕೆಯಲ್ಲಿ ಶೇ. 50ರಷ್ಟನ್ನು ಸಾಮರ್ಥ್ಯಾಧಾರಿತ ಪ್ರಶ್ನೆಗಳಿಗೆ ಮೀಸಲಿಟ್ಟಿದೆ. 11 ಮತ್ತು 12ನೇ ತರಗತಿಗಳಲ್ಲಿ ಶೇ. 40 ಇದ್ದುದನ್ನು 2024-25ರಿಂದ ಶೇ. 50ಕ್ಕೆ ಏರಿಸಿತು. ಇದರಲ್ಲಿ ಒಂದು ಸನ್ನಿವೇಶವನ್ನೋ ಪ್ರಯೋಗವನ್ನೋ ವಿವರಿಸುವ ಪರಿಚ್ಛೇದ ಕೊಟ್ಟು, ಅದನ್ನು ಓದಿ ಉತ್ತರಿಸುವ ಪ್ರಶ್ನೆಗಳೂ ಸೇರಿವೆ. ಪರಿಚ್ಛೇದ ಅರ್ಥವಾಗದವನಿಗೆ ಸೂತ್ರ ಗೊತ್ತಿದ್ದೂ ಪ್ರಯೋಜನವಿಲ್ಲ. ವಿಜ್ಞಾನದ ಪರೀಕ್ಷೆ ಅರ್ಧಾಂಶ ಓದಿನ ಪರೀಕ್ಷೆಯೂ ಆಗಿದೆ ಎನ್ನಬಹುದು.

ವೈದ್ಯಕೀಯ ಪ್ರವೇಶದ 'ನೀಟ್' ಪರೀಕ್ಷೆಯ ವಿಚಾರದಲ್ಲಂತೂ ಹೊರನಾಡ ಕನ್ನಡಿಗರು ಗಮನಿಸಲೇಬೇಕಾದ ಒಂದು ಸಂಗತಿಯಿದೆ. ಈ ಪರೀಕ್ಷೆ ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ನಡೆಯುತ್ತದೆ ಎಂದು ತಿಳಿದು ಅನೇಕ ಹೆತ್ತವರು ಸಮಾಧಾನಪಡುತ್ತಾರೆ. ಆದರೆ ಪ್ರಾದೇಶಿಕ ಭಾಷೆಯ ಪ್ರಶ್ನೆಪತ್ರಿಕೆ ಆಯಾ ಭಾಷೆಗೆ ನಿಗದಿಯಾದ ರಾಜ್ಯದ ಕೇಂದ್ರಗಳಲ್ಲಿ ಮಾತ್ರ ಲಭ್ಯ. ಕನ್ನಡದ ಪ್ರಶ್ನೆಪತ್ರಿಕೆ ಬೇಕಾದರೆ ಕರ್ನಾಟಕದ ಕೇಂದ್ರವನ್ನೇ ಆರಿಸಿಕೊಳ್ಳಬೇಕು. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದ್ ಅಥವಾ ದಿಲ್ಲಿಯಲ್ಲಿ ಪರೀಕ್ಷೆ ಬರೆಯುವ ಕನ್ನಡದ ಮಗುವಿಗೆ ಆ ಸೌಲಭ್ಯವಿಲ್ಲ. ಕನ್ನಡದ ಪ್ರಶ್ನೆಪತ್ರಿಕೆ ಸಿಕ್ಕಿದರೂ ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ರೂಪವೇ ಅಂತಿಮ ಎಂಬ ನಿಯಮವೂ ಇದೆ. 2025ರಲ್ಲಿ ಈ ಪರೀಕ್ಷೆಯಲ್ಲಿ 180 ನಿಮಿಷಗಳಿಗೆ 180 ಪ್ರಶ್ನೆಗಳಿದ್ದವು. ಅಂದರೆ ಒಂದು ಪ್ರಶ್ನೆ ಓದಿ, ತಿಳಿದು, ಯೋಚಿಸಿ, ಉತ್ತರ ಗುರುತಿಸಲು ಒಂದೇ ನಿಮಿಷ. ಎರಡೆರಡು ಸಲ ಓದಿದರೆ ಅರ್ಥವಾಗುವ ಹುಡುಗಿಗೆ ಆ ಎರಡನೇ ಓದಿಗೆ ಸಮಯವೇ ಇಲ್ಲ.

ತೊಡಕು ಇರುವುದೆಲ್ಲಿ?

ವಿಜ್ಞಾನದ ಇಂಗ್ಲಿಷ್ ಕಷ್ಟ ಎಂದಾಗ ಎಲ್ಲರಿಗೂ ಮೊದಲು ನೆನಪಾಗುವುದು 'ಫೋಟೋಸಿಂಥೆಸಿಸ್'ನಂತಹ ಉದ್ದುದ್ದ ಪಾರಿಭಾಷಿಕ ಪದಗಳು. ವಾಸ್ತವದಲ್ಲಿ ಇವು ಅಷ್ಟು ತೊಂದರೆ ಕೊಡುವುದಿಲ್ಲ. ಶಿಕ್ಷಕರು ಅವನ್ನು ಬೋರ್ಡಿನ ಮೇಲೆ ಬರೆದು ವಿವರಿಸುತ್ತಾರೆ, ಮಕ್ಕಳು ಕೆಳಗೆ ಗೆರೆ ಎಳೆದು ಕಲಿಯುತ್ತಾರೆ. ಬ್ರಿಟನ್ನಿನ ಕ್ಯಾಸಲ್ಸ್ ಮತ್ತು ಜಾನ್‌ಸ್ಟನ್ ಎಂಬ ಸಂಶೋಧಕರು 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮಕ್ಕಳನ್ನು ಎಡವಿಸುವುದು ಪಾರಿಭಾಷಿಕ ಪದಗಳಿಗಿಂತ ಹೆಚ್ಚಾಗಿ ವಿಜ್ಞಾನದ ಸಂದರ್ಭದಲ್ಲಿ ಬರುವ ಸಾಮಾನ್ಯ ಪದಗಳು ಎಂದು ತೋರಿಸಿದ್ದರು. ಇಂಗ್ಲಿಷ್ ಮಾತೃಭಾಷೆಯ ಮಕ್ಕಳದ್ದೇ ಈ ಪಾಡಾದರೆ ನಮ್ಮ ಮಕ್ಕಳ ಪಾಡು ಹೇಳುವುದೇ ಬೇಡ.

ಇದರಲ್ಲಿ ನಾಲ್ಕು ತೊಡಕುಗಳನ್ನು ಬೇರೆ ಬೇರೆಯಾಗಿ ಗುರುತಿಸಬಹುದು.

ಮೊದಲನೆಯದು, ಪರಿಚಿತ ಪದದ ಅಪರಿಚಿತ ಅರ್ಥ. ಮುಂಬಯಿಯ ಹುಡುಗನಿಗೆ ಕಂಡಕ್ಟರ್ ಎಂದರೆ ಬೆಸ್ಟ್ ಬಸ್ಸಿನವನು. ಭೌತಶಾಸ್ತ್ರದಲ್ಲಿ ವಿದ್ಯುತ್ ವಾಹಕ. ಸೊಲ್ಯೂಷನ್ ಎಂದರೆ ಪರಿಹಾರ, ರಸಾಯನಶಾಸ್ತ್ರದಲ್ಲಿ ದ್ರಾವಣ. ಬೇಸ್ ಎಂದರೆ ತಳ, ಅಲ್ಲಿ ಪ್ರತ್ಯಾಮ್ಲ. ಸೆಲ್ ಎಂಬುದು ಒಂದು ಪಾಠದಲ್ಲಿ ವಿದ್ಯುತ್ಕೋಶ, ಇನ್ನೊಂದು ಪಾಠದಲ್ಲಿ ಜೀವಕೋಶ. ಅಂಗಡಿ 'ಕ್ಲೋಸ್ಡ್' ಆಗಿದ್ದರೆ ವ್ಯವಹಾರ ಬಂದ್. ಆದರೆ ಸರ್ಕ್ಯೂಟ್ 'ಕ್ಲೋಸ್ಡ್' ಆಗಿದ್ದರೆ ಮಾತ್ರ ವಿದ್ಯುತ್ ಹರಿಯುತ್ತದೆ. ಪದ ಗೊತ್ತಿದೆ ಎಂಬ ಭ್ರಮೆಯಿಂದ ಮಗು ನಿಘಂಟು ತೆರೆಯುವುದೇ ಇಲ್ಲ; ತಪ್ಪು ಅರ್ಥದೊಂದಿಗೆ ಮುಂದೆ ಸಾಗುತ್ತದೆ.

ಎರಡನೆಯದು, ಕ್ರಿಯೆಯನ್ನು ನಾಮಪದದೊಳಗೆ ಮಡಚಿಡುವ ರೂಢಿ. ಅಡುಗೆಮನೆಯ ಪ್ರೆಷರ್ ಕುಕ್ಕರನ್ನೇ ತೆಗೆದುಕೊಳ್ಳಿ. ಅದರಲ್ಲಿ ನೀರು ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ, ಆದ್ದರಿಂದ ಬೇಳೆ ಬೇಗ ಬೇಯುತ್ತದೆ. ಪಠ್ಯಪುಸ್ತಕದ ಶೈಲಿಯಲ್ಲಿ ಇದು ಹೀಗಾಗುತ್ತದೆ: 'ಆ್ಯನ್ ಇನ್‌ಕ್ರೀಸ್ ಇನ್ ಪ್ರೆಷರ್ ರೈಸಸ್ ದ ಬಾಯ್ಲಿಂಗ್ ಪಾಯಿಂಟ್ ಆಫ್ ವಾಟರ್, ದೇರ್‌ಬೈ ರಿಡ್ಯೂಸಿಂಗ್ ದ ಕುಕಿಂಗ್ ಟೈಮ್.' ಇಲ್ಲಿ ಯಾರೂ ಏನೂ ಮಾಡುವುದಿಲ್ಲ. ಒಂದು 'ಹೆಚ್ಚಳ' ಇನ್ನೊಂದು 'ಬಿಂದು'ವನ್ನು ಏರಿಸುತ್ತದೆ. ಅದನ್ನು ಬಿಡಿಸಿ, 'ಒತ್ತಡ ಹೆಚ್ಚಿದರೆ ನೀರು ಕುದಿಯುವ ತಾಪಮಾನ ಏರುತ್ತದೆ, ಅದರಿಂದ ಬೇಯುವ ಸಮಯ ತಗ್ಗುತ್ತದೆ' ಎಂದು ಮೂರು ಕ್ರಿಯೆಗಳನ್ನು ಹೊರತೆಗೆಯಲು ಮಗುವಿಗೆ ಯಾರೂ ಕಲಿಸಿರುವುದಿಲ್ಲ.

ಮೂರನೆಯದು, ವಾಕ್ಯದ ಜೋಡಣೆ. ಕನ್ನಡದಲ್ಲಿ ವಿವರಣೆ ಮೊದಲು, ವಸ್ತು ನಂತರ, ಕ್ರಿಯಾಪದ ಕೊನೆಗೆ: 'ಕರಗುವಾಗ ಮಂಜುಗಡ್ಡೆ ಹೀರಿಕೊಂಡ ಶಾಖ ಅದರ ತಾಪಮಾನವನ್ನು ಏರಿಸುವುದಿಲ್ಲ.' ಇಂಗ್ಲಿಷಿನಲ್ಲಿ 'ದ ಹೀಟ್' ಎಂಬ ವಸ್ತು ಮೊದಲು ಬಂದು, 'ವಿಚ್' ಎಂಬ ಕೊಂಡಿಯಿಂದ ವಿವರಣೆಯೆಲ್ಲ ಹಿಂದಿನಿಂದ ತೂಗುತ್ತದೆ. 'ಡಸ್ ನಾಟ್' ಎಂಬ ನಿಷೇಧ ವಾಕ್ಯದ ನಡುವೆ ಅಡಗಿರುತ್ತದೆ. ಕನ್ನಡದ ಕ್ರಮಕ್ಕೆ ಒಗ್ಗಿದ ಕಣ್ಣು ವಾಕ್ಯದ ಆರಂಭ ಮತ್ತು ಕೊನೆಯನ್ನು ಹಿಡಿದು ನಡುವಿನ 'ನಾಟ್' ಅನ್ನು ಬಿಟ್ಟುಬಿಡುತ್ತದೆ. ಆಗ ಮಗುವಿಗೆ ದಕ್ಕುವುದು ನಿಜದ ನೇರ ವಿರುದ್ಧ ಅರ್ಥ.

ನಾಲ್ಕನೆಯದು, ಕೊಂಡಿ ಪದಗಳು. ಅನ್‌ಲೆಸ್, ವೇರ್‌ಆ್ಯಸ್, ಪ್ರೊವೈಡೆಡ್, ಹೆನ್ಸ್, ದೋ ಮುಂತಾದ ಚಿಕ್ಕ ಪದಗಳು ವಿಜ್ಞಾನದ ತರ್ಕವನ್ನು ಹೊತ್ತಿರುತ್ತವೆ. 'ಅನ್‌ಲೆಸ್' ಎಂದರೆ 'ಇಲ್ಲದ ಹೊರತು' ಎಂದು ತಿಳಿಯದವನಿಗೆ ಷರತ್ತು ಯಾವುದು, ಪರಿಣಾಮ ಯಾವುದು ಎಂಬುದು ತಿರುಗುಮುರುಗಾಗುತ್ತದೆ. ಇವು ವಿಜ್ಞಾನದ ಶಿಕ್ಷಕರ ಪಾಲಿಗೆ ಇಂಗ್ಲಿಷಿನ ವಿಷಯ, ಇಂಗ್ಲಿಷ್ ಶಿಕ್ಷಕರ ಪಾಲಿಗೆ ವಿಜ್ಞಾನದ ವಿಷಯ. ಇಬ್ಬರ ನಡುವೆ ಮಗು ಅನಾಥ.

ಇಂಗ್ಲಿಷ್ ಮಾಧ್ಯಮವೇ ಪರಿಹಾರವೇ?

ಇಷ್ಟೆಲ್ಲ ರಗಳೆ ಏಕೆ, ಮಗುವನ್ನು ಶಿಶುವಿಹಾರದಿಂದಲೇ ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದರಾಯಿತು ಎಂಬುದು ಬಹುತೇಕ ಹೆತ್ತವರ ನಿಲುವು. ಮುಂಬಯಿ ಮಹಾನಗರಪಾಲಿಕೆ ಕನ್ನಡವೂ ಸೇರಿ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತ ಬಂದಿದ್ದರೂ ಕನ್ನಡ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯಲು ಈ ನಿಲುವೂ ಒಂದು ಕಾರಣ. ಹೆತ್ತವರನ್ನು ದೂರಿ ಫಲವಿಲ್ಲ. ಅವರ ಆತಂಕ ನಿಜವಾದದ್ದು. ಆದರೆ ಮೇಲಿನ ನಾಲ್ಕು ತೊಡಕುಗಳಲ್ಲಿ ಯಾವುದೂ ಶಾಲೆಯ ನಾಮಫಲಕ ಬದಲಾದ ಮಾತ್ರಕ್ಕೆ ಮಾಯವಾಗುವುದಿಲ್ಲ.

ಕೆನಡಾದ ಶಿಕ್ಷಣತಜ್ಞ ಜಿಮ್ ಕಮಿನ್ಸ್ 1979ರಲ್ಲಿಯೇ ಮಾತುಕತೆಯ ಭಾಷೆ ಬೇರೆ, ಪಾಠದ ಭಾಷೆ ಬೇರೆ ಎಂಬ ಭೇದವನ್ನು ಮುಂದಿಟ್ಟರು. ಹೊಸ ಭಾಷೆಯ ವಾತಾವರಣದಲ್ಲಿ ಬೆಳೆಯುವ ಮಗು ಸುಮಾರು ಎರಡು ವರ್ಷಗಳಲ್ಲಿ ಸರಾಗವಾಗಿ ಮಾತಾಡಬಲ್ಲದು. ಪಾಠದ ಭಾಷೆಯಲ್ಲಿ ಓರಗೆಯವರ ಮಟ್ಟ ತಲುಪಲು ಐದರಿಂದ ಏಳು ವರ್ಷ ಬೇಕಾಗುತ್ತದೆ ಎಂಬುದು ಅವರ ವಾದ. ಕಟ್ಟಡದ ಆವರಣದಲ್ಲಿ ಇಂಗ್ಲಿಷಿನಲ್ಲಿ ಚಟಪಟ ಮಾತಾಡುವ ಮಗ ವಿಜ್ಞಾನದ ಪರೀಕ್ಷೆಯಲ್ಲಿ ಏಕೆ ಹಿಂದೆ ಬೀಳುತ್ತಾನೆ ಎಂದು ಕಂಗಾಲಾಗುವ ಹೆತ್ತವರಿಗೆ ಇಲ್ಲಿ ಉತ್ತರವಿದೆ. ಸಂಘಗಳು ಆಗಾಗ ಏರ್ಪಡಿಸುವ 'ಸ್ಪೋಕನ್ ಇಂಗ್ಲಿಷ್' ಶಿಬಿರಗಳಿಂದ ಸಂಕೋಚ ಬಿಡಬಹುದು, ಸಂದರ್ಶನಕ್ಕೆ ಧೈರ್ಯ ಬರಬಹುದು. ಭೌತಶಾಸ್ತ್ರದ ಪುಟ ತೆರೆದುಕೊಳ್ಳುವುದಿಲ್ಲ.

ಕಮಿನ್ಸ್ ಹೇಳಿದ ಇನ್ನೊಂದು ಮಾತು ಕನ್ನಡ ಸಂಘಗಳಿಗೆ ಹೆಚ್ಚು ಮಹತ್ವದ್ದು. ಒಂದು ಭಾಷೆಯಲ್ಲಿ ಗಟ್ಟಿಯಾಗಿ ಕಲಿತ ವಿಚಾರ ಮತ್ತೊಂದು ಭಾಷೆಗೆ ದಾಟಿ ಬರುತ್ತದೆ. ಗುಪ್ತೋಷ್ಣ ಎಂದರೇನು ಎಂದು ಕನ್ನಡದಲ್ಲಿ ನಿಜವಾಗಿ ತಿಳಿದ ಮಗು ಇಂಗ್ಲಿಷಿನಲ್ಲಿ ಕಲಿಯಬೇಕಾದದ್ದು ಹೊಸ ಹೆಸರನ್ನು ಮಾತ್ರ. ಎರಡೂ ಭಾಷೆಗಳಲ್ಲಿ ಬಾಯಿಪಾಠವಷ್ಟೇ ಮಾಡಿದ ಮಗುವಿಗೆ ದಾಟಿಸಲು ಏನೂ ಇರುವುದಿಲ್ಲ.

ಮಾತೃಭಾಷೆಯಾದ ಮಾತ್ರಕ್ಕೆ ಎಲ್ಲ ಸುಲಭ ಎಂಬುದೂ ಸರಿಯಲ್ಲ. ನಮ್ಮದೇ ಮುಂಬಯಿಯ ಮಾನ್‌ಖುರ್ದ್‌ನಲ್ಲಿರುವ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ವಿ.ಜಿ. ಕುಲಕರ್ಣಿ ಮತ್ತು ಸಂಗಡಿಗರು 1980ರ ದಶಕದಲ್ಲಿ ಪಾಲಿಕೆ ಶಾಲೆಗಳ ಬಡ ಮಕ್ಕಳ ನಡುವೆ ಕೆಲಸ ಮಾಡುತ್ತ, ವಿಜ್ಞಾನ ಕಲಿಕೆಗೆ ಪಠ್ಯದ ಕ್ಲಿಷ್ಟ ಭಾಷೆಯೇ ಅಡ್ಡಿಯಾಗುತ್ತಿದೆ ಎಂದು ಗುರುತಿಸಿದ್ದರು. ಅವರು ಒತ್ತು ಕೊಟ್ಟದ್ದು ಭಾಷೆಯ ಸರಳತೆಗೆ. ಆದ್ದರಿಂದ ಮಾಧ್ಯಮ ಯಾವುದು ಎಂಬ ಪ್ರಶ್ನೆಯಷ್ಟೇ ಮುಖ್ಯವಾದದ್ದು ಪಠ್ಯವನ್ನು ಬಿಡಿಸಿ ಓದಲು ಮಗುವಿಗೆ ಕಲಿಸಿದ್ದೇವೆಯೇ ಎಂಬ ಪ್ರಶ್ನೆ.

ಢಾಕಾದಲ್ಲಿ ಹುಟ್ಟಿದ ವಿಚಾರ

ಈ ಪ್ರಶ್ನೆ ಹೊಸತೇನೂ ಅಲ್ಲ. ಸುಮಾರು ನೂರು ವರ್ಷಗಳ ಹಿಂದೆ ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನಲ್ಲಿದ್ದ ಮೈಕಲ್ ವೆಸ್ಟ್ ಎಂಬ ಅಧಿಕಾರಿ, ಬಂಗಾಳದ ವಿದ್ಯಾರ್ಥಿಗೆ ಇಂಗ್ಲಿಷಿನ ಮುಖ್ಯ ಅಗತ್ಯ ಜ್ಞಾನ ಪಡೆಯಲು ಬೇಕಾದ ಓದು, ಮಾತುಗಾರಿಕೆ ನಂತರದ್ದು ಎಂದು ವಾದಿಸಿದರು. ಕಡಿಮೆ ಪದಗಳಿಂದ ಆರಂಭಿಸಿ ಮೆಟ್ಟಿಲು ಮೆಟ್ಟಿಲಾಗಿ ಏರುವ ವಾಚನ ಪುಸ್ತಕಗಳನ್ನು ಸಿದ್ಧಪಡಿಸಿದರು. ಮುಂದೆ 1953ರಲ್ಲಿ ಅವರು ಪ್ರಕಟಿಸಿದ, ಇಂಗ್ಲಿಷಿನ ಅತಿ ಬಳಕೆಯ ಸುಮಾರು 2,000 ಪದಗಳ ಪಟ್ಟಿ ಜಗತ್ತಿನಾದ್ಯಂತ ಬಳಕೆಗೆ ಬಂತು.

ನ್ಯೂಜಿಲೆಂಡಿನ ಆ್ಯವರಿಲ್ ಕಾಕ್ಸ್‌ಹೆಡ್ 2000ದಲ್ಲಿ ಅದರ ಮುಂದಿನ ಹೆಜ್ಜೆ ಇಟ್ಟರು. ವಿಜ್ಞಾನ, ಕಾನೂನು, ವಾಣಿಜ್ಯ, ಕಲಾ ವಿಭಾಗಗಳೆಲ್ಲದರ ಗ್ರಂಥಗಳಲ್ಲಿ ಮತ್ತೆ ಮತ್ತೆ ಬರುವ 570 ಪದ ಕುಟುಂಬಗಳ ಪಟ್ಟಿ ಮಾಡಿದರು. ಆ್ಯನಲೈಸ್, ಫ್ಯಾಕ್ಟರ್, ಡಿರೈವ್, ಇಂಡಿಕೇಟ್, ವೇರಿ ಇಂತಹ ಪದಗಳು. ಉನ್ನತ ಶಿಕ್ಷಣದ ಪಠ್ಯಗಳಲ್ಲಿ ಬರುವ ಪದಗಳಲ್ಲಿ ಸುಮಾರು ಶೇ. 10 ಈ ಪಟ್ಟಿಯವೇ. ದಿನಕ್ಕೆ ಎರಡರಂತೆ ಕಲಿತರೂ ಒಂದು ವರ್ಷದೊಳಗೆ ಮುಗಿಯುವ ಪಟ್ಟಿ ಇದು. ಇನ್ನೊಬ್ಬರ ನೆರವಿಲ್ಲದೆ ಪರಿಚ್ಛೇದ ತಿಳಿಯಬೇಕಾದರೆ ಅದರ ಶೇ. 98ರಷ್ಟು ಪದಗಳು ಗೊತ್ತಿರಬೇಕು ಎಂಬುದು ಪಾಲ್ ನೇಷನ್ ಮತ್ತು ಸಂಗಡಿಗರ ಅಂದಾಜು. 300 ಪದಗಳ ಪುಟದಲ್ಲಿ ಅಪರಿಚಿತ ಪದಗಳು ಆರಕ್ಕಿಂತ ಹೆಚ್ಚಿದ್ದರೆ ಓದು ಕುಂಟುತ್ತದೆ ಎಂದರ್ಥ. ಮಗುವಿನ ಕೈಗೆ ಯಾವ ಪುಸ್ತಕ ಕೊಡಬೇಕು ಎಂದು ನಿರ್ಧರಿಸಲು ಇದೊಂದು ಸುಲಭದ ಅಳತೆಗೋಲು.

ಎರಡು ಪುಸ್ತಕ, ಒಂದೇ ಪಾಠ

ಮಹಾರಾಷ್ಟ್ರದ ಕನ್ನಡಿಗರಿಗೆ ಈ ವಿಷಯದಲ್ಲಿ ಒಂದು ಅನುಕೂಲ ಕೈಯಲ್ಲೇ ಇದೆ, ಬಳಸಿಕೊಂಡವರು ಕಡಿಮೆ. ರಾಜ್ಯದ ಪಠ್ಯಪುಸ್ತಕ ಮಂಡಳಿ 'ಬಾಲಭಾರತಿ' ಒಂದೇ ಪುಸ್ತಕವನ್ನು ಮರಾಠಿ, ಇಂಗ್ಲಿಷ್, ಕನ್ನಡ ಮುಂತಾದ ಹಲವು ಭಾಷೆಗಳಲ್ಲಿ ಪ್ರಕಟಿಸುತ್ತದೆ. 2018ರಲ್ಲಿ ಬಂದ ಹತ್ತನೇ ತರಗತಿಯ 'ವಿಜ್ಞಾನ ಮತ್ತು ತಂತ್ರಜ್ಞಾನ' ಪುಸ್ತಕ ಎರಡು ಭಾಗಗಳಲ್ಲಿದೆ. ಮೊದಲ ಭಾಗ ಗುರುತ್ವಾಕರ್ಷಣೆಯಿಂದ ಆರಂಭವಾಗಿ ಬಾಹ್ಯಾಕಾಶ ಯಾನದ ಪಾಠದೊಂದಿಗೆ ಮುಗಿಯುತ್ತದೆ. ಕನ್ನಡದಲ್ಲಿ ಇರುವುದೇ ಇಂಗ್ಲಿಷಿನಲ್ಲೂ. ಅದೇ ಪಾಠ, ಅದೇ ಚಿತ್ರ, ಅದೇ ಕ್ರಮ. ಮಂಡಳಿಯ ಅಂತರ್ಜಾಲ ತಾಣದಿಂದ ಪಿಡಿಎಫ್ ರೂಪದಲ್ಲಿ ಉಚಿತವಾಗಿ ಇಳಿಸಿಕೊಳ್ಳಬಹುದು.

ಎರಡನ್ನೂ ಎದುರುಬದುರು ಇಟ್ಟುಕೊಂಡು, ಮೊದಲು ಕನ್ನಡದಲ್ಲಿ ಪರಿಚ್ಛೇದ ಓದಿ, ವಿಷಯ ತಿಳಿದು, ಬಳಿಕ ಅದೇ ಪರಿಚ್ಛೇದವನ್ನು ಇಂಗ್ಲಿಷಿನಲ್ಲಿ ಓದಿದರೆ ಮಗುವಿಗೆ ನಿಘಂಟಿನ ಹಂಗಿಲ್ಲದೆ ಅರ್ಧ ಪದಗಳು ತಾವಾಗಿ ತಿಳಿಯುತ್ತವೆ. ಕೆಲವು ವಾರಗಳ ನಂತರ ಕ್ರಮ ತಿರುಗಿಸಬೇಕು: ಮೊದಲು ಇಂಗ್ಲಿಷ್, ಸಂದೇಹ ಬಂದಲ್ಲಿ ಮಾತ್ರ ಕನ್ನಡ. ಆಂಧ್ರಪ್ರದೇಶ ಸರಕಾರ 2020ರಲ್ಲಿ ಇದೇ ವಿಚಾರದಿಂದ ಒಂದು ಪುಟದಲ್ಲಿ ಇಂಗ್ಲಿಷ್, ಎದುರು ಪುಟದಲ್ಲಿ ತೆಲುಗು ಇರುವ ದ್ವಿಭಾಷಾ ಪುಸ್ತಕಗಳನ್ನು ತಂದಿತು. ನಮ್ಮಲ್ಲಿ ಅಂತಹ ಪುಸ್ತಕಕ್ಕಾಗಿ ಕಾಯುವ ಅಗತ್ಯವಿಲ್ಲ. ಎರಡು ಪುಸ್ತಕಗಳನ್ನು ಒಂದೇ ಮೇಜಿನ ಮೇಲಿಟ್ಟರೆ ಸಾಕು.

ಇಂಗ್ಲಿಷ್ ಮಾಧ್ಯಮದಲ್ಲಿ ಕಲಿಯುವ, ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಮಾತಾಡುವ ಮಕ್ಕಳಿಗೂ ಈ ಕ್ರಮ ಉಪಯುಕ್ತ. ಕನ್ನಡ ಅಕ್ಷರ ಓದಲು ಬಾರದಿದ್ದರೆ ಹಿರಿಯರೊಬ್ಬರು ಓದಿ ಹೇಳಬಹುದು. ವಿಜ್ಞಾನದ ನೆಪದಲ್ಲಿ ಕನ್ನಡವೂ ಮನೆಯೊಳಗೆ ಉಳಿಯುತ್ತದೆ.

ಭಾನುವಾರದ ಎರಡು ಗಂಟೆ

ಹಾಗಾದರೆ ಒಂದು ಸಂಘ ಮಾಡಬಹುದಾದದ್ದೇನು? ದೊಡ್ಡ ಯೋಜನೆ ಬೇಕಿಲ್ಲ. ಎಂಟು, ಒಂಬತ್ತು, ಹತ್ತನೇ ತರಗತಿಯ ಹದಿನೈದು-ಇಪ್ಪತ್ತು ಮಕ್ಕಳು, ಸಂಘದ ಸಭಾಗೃಹ, ಭಾನುವಾರ ಬೆಳಗ್ಗೆ ಎರಡು ಗಂಟೆ. ಇದಕ್ಕೆ ಪರೀಕ್ಷಿಸಿ ನೋಡಿದ ವಿಧಾನವೂ ಇದೆ. ಅಮೆರಿಕದ ಪಾಲಿನ್‌ಸ್ಕರ್ ಮತ್ತು ಬ್ರೌನ್ ಎಂಬ ಇಬ್ಬರು ಸಂಶೋಧಕಿಯರು 1984ರಲ್ಲಿ ಇದನ್ನು ಪ್ರಕಟಿಸಿದರು. ಗಟ್ಟಿಯಾಗಿ ಓದಬಲ್ಲ, ಆದರೆ ಅರ್ಥ ಹೇಳಲಾರದ ಏಳನೇ ತರಗತಿಯ ಮಕ್ಕಳನ್ನು ಚಿಕ್ಕ ಗುಂಪುಗಳಾಗಿ ಕೂರಿಸಿ, ಸರದಿಯಂತೆ ಒಬ್ಬೊಬ್ಬರನ್ನೇ 'ಶಿಕ್ಷಕ'ರನ್ನಾಗಿ ಮಾಡಿ, ಪ್ರತಿ ಪರಿಚ್ಛೇದಕ್ಕೂ ನಾಲ್ಕು ಕೆಲಸ ಮಾಡಿಸಿದರು: ಸಾರಾಂಶ ಹೇಳುವುದು, ಪ್ರಶ್ನೆ ಕೇಳುವುದು, ತಿಳಿಯದ ಮಾತನ್ನು ಬಿಡಿಸುವುದು, ಮುಂದೇನು ಬರಬಹುದೆಂದು ಊಹಿಸುವುದು. ಕೆಲವೇ ವಾರಗಳಲ್ಲಿ ಮಕ್ಕಳ ಗ್ರಹಿಕೆ ಗಣನೀಯವಾಗಿ ಸುಧಾರಿಸಿತು.

ನಮ್ಮ ಪರಿಸ್ಥಿತಿಗೆ ಇದನ್ನು ಹೀಗೆ ಅಳವಡಿಸಬಹುದು. ಒಂದು ವಾರಕ್ಕೆ ಒಂದೇ ಪರಿಚ್ಛೇದ, 150ರಿಂದ 200 ಪದಗಳದ್ದು. ಮೊದಲ ಹತ್ತು ನಿಮಿಷ ವಿಷಯದ ಬಗ್ಗೆ ಕನ್ನಡದಲ್ಲಿ ಮಾತುಕತೆ. ಪರಿಚ್ಛೇದ ಪ್ರೆಷರ್ ಕುಕ್ಕರಿನದ್ದಾದರೆ ಮನೆಯಲ್ಲಿ ಎಷ್ಟು ಸೀಟಿಗೆ ಬೇಳೆ ಬೇಯುತ್ತದೆ ಎಂಬಲ್ಲಿಂದಲೇ ಆರಂಭಿಸಬಹುದು. ಆಮೇಲೆ ಮೌನವಾಗಿ ಒಮ್ಮೆ ಓದು. ನಂತರ ಪೆನ್ಸಿಲ್ ಹಿಡಿದು ಎರಡನೇ ಓದು: ಪರಿಚಿತವಾದರೂ ಅರ್ಥ ಬದಲಾದ ಪದಕ್ಕೆ ವೃತ್ತ, ಕೊಂಡಿ ಪದಕ್ಕೆ ಚೌಕ, 'ನಾಟ್' ಮತ್ತು 'ನೋ' ಇದ್ದಲ್ಲಿ ಎರಡು ಗೆರೆ. ಉದ್ದ ವಾಕ್ಯಗಳಲ್ಲಿ ಏನು ನಡೆಯುತ್ತಿದೆ, ಯಾವುದರಿಂದ ಯಾವುದು ಆಗುತ್ತಿದೆ ಎಂದು ಕನ್ನಡದಲ್ಲಿ ಬಿಡಿಸಿ ಹೇಳುವುದು. ಪಕ್ಕದಲ್ಲಿ ಬಾಣದ ಗುರುತಿನಿಂದ ಒಂದು ಸಣ್ಣ ನಕ್ಷೆ: ಒತ್ತಡ ಮೇಲೆ, ಕುದಿಬಿಂದು ಮೇಲೆ, ಸಮಯ ಕೆಳಗೆ. ಕೊನೆಗೆ ಪುಸ್ತಕ ಮುಚ್ಚಿ, ತಿಳಿದದ್ದನ್ನು ತನ್ನದೇ ಇಂಗ್ಲಿಷಿನಲ್ಲಿ ಮೂರು ವಾಕ್ಯಗಳಲ್ಲಿ ಬರೆಯುವುದು. ವ್ಯಾಕರಣ ತಪ್ಪಿದರೂ ಚಿಂತೆಯಿಲ್ಲ, ವಿಷಯ ತಪ್ಪಬಾರದು.

ಕನ್ನಡ ಬಳಸಿದರೆ ಮಕ್ಕಳು ಇಂಗ್ಲಿಷ್ ಕಲಿಯುವುದಿಲ್ಲ ಎಂಬ ಆಕ್ಷೇಪ ಬರುವುದು ಸಹಜ. ಇಲ್ಲಿ ಕನ್ನಡ ಅರ್ಥಕ್ಕೆ ಏರುವ ಏಣಿ. ಓದುವ ಪಠ್ಯವೂ ಕೊನೆಯ ಬರವಣಿಗೆಯೂ ಇಂಗ್ಲಿಷಿನದ್ದೇ. ವಾರದ ಪರಿಚ್ಛೇದವನ್ನು ಶಿಕ್ಷಕರೇ ಪೂರ್ತಿ ಅನುವಾದಿಸಿ ಹೇಳಿಬಿಟ್ಟರೆ ಮಾತ್ರ ಆಕ್ಷೇಪ ನಿಜವಾಗುತ್ತದೆ. ಬಿಡಿಸುವ ಕೆಲಸ ಮಕ್ಕಳದ್ದಾಗಬೇಕು.

ತಿಂಗಳಿಗೊಮ್ಮೆ ಸಭಾಗೃಹದ ಬದಲು ವರ್ಲಿಯ ನೆಹರು ವಿಜ್ಞಾನ ಕೇಂದ್ರಕ್ಕೆ ಹೋಗಬಹುದು. 1985ರಲ್ಲಿ ಆರಂಭವಾದ ಆ ಕೇಂದ್ರದಲ್ಲಿ ಪ್ರದರ್ಶನಗಳ ಪಕ್ಕದ ಫಲಕಗಳೇ ಒಳ್ಳೆಯ ಪಠ್ಯ. ಚಿಕ್ಕ ಪರಿಚ್ಛೇದ, ಎದುರಿಗೇ ವಸ್ತು. ಓದಿದ್ದು ಸರಿಯೇ ಎಂದು ಗುಂಡಿ ಒತ್ತಿ ನೋಡಿಕೊಳ್ಳಬಹುದು.

ಹಣಕ್ಕಿಂತ ಜನ ಮುಖ್ಯ

ಈ ಕೆಲಸಕ್ಕೆ ತಗಲುವ ವೆಚ್ಚ ಒಂದು ಸನ್ಮಾನ ಸಮಾರಂಭದ ಶಾಲು-ಹಾರಗಳ ಖರ್ಚಿಗಿಂತ ಹೆಚ್ಚಾಗಲಾರದು. ಬೇಕಾದದ್ದು ಜನ. ಬ್ಯಾಂಕು, ರೈಲ್ವೆ, ಅಣುಶಕ್ತಿ ಇಲಾಖೆ, ಔಷಧ ಕಂಪೆನಿಗಳಲ್ಲಿ ದುಡಿದು ನಿವೃತ್ತರಾದ ಕನ್ನಡಿಗರು ಉಪನಗರಗಳಲ್ಲೆಲ್ಲ ಇದ್ದಾರೆ. ಇಂಜಿನಿಯರಿಂಗ್, ಫಾರ್ಮಸಿ ಓದುತ್ತಿರುವ ಯುವಕ-ಯುವತಿಯರು ಸಂಘಗಳ ಯುವ ವಿಭಾಗದಲ್ಲಿದ್ದಾರೆ. ಸಂಘದ ವಿದ್ಯಾರ್ಥಿವೇತನ ಪಡೆದು ಮೇಲೆ ಬಂದವರನ್ನು ತಿಂಗಳಿಗೊಂದು ಭಾನುವಾರ ಕೇಳಿದರೆ ಇಲ್ಲ ಎನ್ನುವವರು ಕಡಿಮೆ. ಶಿಕ್ಷಕ ಪದವಿ ಬೇಕಿಲ್ಲ. ತಾನು ಓದಿ ತಿಳಿದದ್ದು ಹೇಗೆ ಎಂದು ಮಕ್ಕಳ ಮುಂದೆ ಗಟ್ಟಿಯಾಗಿ ಯೋಚಿಸಿ ತೋರಿಸುವ ತಾಳ್ಮೆ ಇದ್ದರೆ ಸಾಕು.

ಫಲಿತಾಂಶವನ್ನೂ ಅಳೆಯಬೇಕು, ಇಲ್ಲವಾದರೆ ಇದೂ ಫೋಟೋಕ್ಕೆ ಸೀಮಿತವಾದ ಕಾರ್ಯಕ್ರಮವಾದೀತು. ಜೂನ್‌ನಲ್ಲಿ ಹಿಂದೆಂದೂ ನೋಡದ ಪರಿಚ್ಛೇದವೊಂದನ್ನು ಕೊಟ್ಟು ಹತ್ತು ಪ್ರಶ್ನೆ ಕೇಳಿ ಅಂಕ ಬರೆದಿಟ್ಟುಕೊಳ್ಳುವುದು. ಡಿಸೆಂಬರ್‌ನಲ್ಲಿ ಮತ್ತು ಮಾರ್ಚ್‌ನಲ್ಲಿ ಅದೇ ಮಟ್ಟದ ಬೇರೆ ಪರಿಚ್ಛೇದ ಕೊಡುವುದು. ಸುಧಾರಣೆ ಕಾಣದಿದ್ದರೆ ವಿಧಾನ ಬದಲಿಸುವುದು. ವಿದ್ಯಾರ್ಥಿವೇತನ ಪಡೆದ ಪ್ರತಿ ಮಗುವನ್ನೂ ಹನ್ನೊಂದನೇ ತರಗತಿಯ ಮೊದಲ ಸತ್ರದ ನಂತರ ಕರೆದು ಮಾತಾಡಿಸುವುದು ಇನ್ನೊಂದು ಅಗತ್ಯ ಕೆಲಸ.

ಇದರ ಮಿತಿಯನ್ನೂ ಒಪ್ಪಿಕೊಳ್ಳಬೇಕು. ವಾರಕ್ಕೆ ಎರಡು ಗಂಟೆಯ ಓದು ಶಾಲೆಯ ಕೊರತೆಗಳನ್ನೆಲ್ಲ ನೀಗಿಸಲಾರದು, ಕೋಚಿಂಗ್ ತರಗತಿಗಳ ಪೈಪೋಟಿಗೆ ಪರ್ಯಾಯವೂ ಆಗಲಾರದು. ನೀಟ್‌ನಲ್ಲಿ ಹೊರನಾಡಿನ ಕೇಂದ್ರಗಳಲ್ಲೂ ಕನ್ನಡ ಪ್ರಶ್ನೆಪತ್ರಿಕೆ ದೊರೆಯಬೇಕೆಂದು ಸಂಘಟನೆಗಳು ಒಕ್ಕೊರಲಿನಿಂದ ಕೇಳುವುದು ನ್ಯಾಯವೇ. ಆದರೆ ಆ ಬೇಡಿಕೆ ಈಡೇರುವವರೆಗೆ ಮಕ್ಕಳ ವಯಸ್ಸು ನಿಲ್ಲುವುದಿಲ್ಲ.

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕಲಿತವರು ಕಟ್ಟಿದ ಸಮಾಜ ಮುಂಬಯಿ ಕನ್ನಡಿಗರದ್ದು. ಅಂದು ಅಕ್ಷರ ಕಲಿಸುವುದು ಅಗತ್ಯವಾಗಿತ್ತು; ಹಿರಿಯರು ರಾತ್ರಿ ಶಾಲೆಗಳನ್ನು ತೆರೆದರು. ಇಂದು ಮಕ್ಕಳಿಗೆ ಅಕ್ಷರ ಬರುತ್ತದೆ, ಅದರೊಳಗಿನ ಅರ್ಥ ತೆರೆಯಬೇಕಾಗಿದೆ. ಮುಂದಿನ ಜೂನ್‌ನಲ್ಲಿ ನೋಟ್‌ಬುಕ್ ವಿತರಣೆಯ ಆಮಂತ್ರಣ ಪತ್ರಿಕೆ ಅಚ್ಚಾಗುವ ಮುನ್ನ ಪದಾಧಿಕಾರಿಗಳು ಒಂದು ಸಭೆಯಲ್ಲಿ ಈ ವಿಷಯವನ್ನು ಕೈಗೆತ್ತಿಕೊಂಡು, ಭಾನುವಾರದ ಎರಡು ಗಂಟೆಗೆ ಸಭಾಗೃಹದ ಬಾಗಿಲು ತೆರೆದಿಡಲು ನಿರ್ಧರಿಸಿದರೆ, ವೇದಿಕೆಯಲ್ಲಿ ಹೂಗುಚ್ಛ ಪಡೆದ ಮಕ್ಕಳಲ್ಲಿ ಇನ್ನಷ್ಟು ಮಂದಿ ಹನ್ನೆರಡನೇ ತರಗತಿಯ ಬಾಗಿಲನ್ನೂ ದಾಟಿಯಾರು.